₹1,850ರ ಹಳೇ ಪ್ರಾರ್ಥನೆ ಪುಸ್ತಕ: ರಿಟರ್ನ್ ಮಾಡೋಕೆ ಹೋಗಿ ಇಟ್ಕೊಂಡೆ

ಮೊದಲೇ ಹೇಳಿಬಿಡ್ತೀನಿ, ನಾನು ಕ್ರೈಸ್ತ ಅಲ್ಲ, ಹಿಸ್ಟರಿ ಓದಿದವನೂ ಅಲ್ಲ, ಬಳ್ಳಾರಿಯಾಗೆ ನಮ್ದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಐತೆ, ಮದುವೆ ಕಾರ್ಡು, ರಸೀದಿ ಬುಕ್ಕು, ಎಲೆಕ್ಷನ್ ಟೈಮಲ್ಲಿ ಪಾಂಪ್ಲೆಟ್ಟು, ಇದೇ ನಮ್ಮ ಅನ್ನ. ಈ ಪುಸ್ತಕ ತಗೊಂಡಿದ್ದು ಬಾರ್ಡರ್ ಡಿಸೈನ್ ಸಲುವಾಗಿ. ಒಂದು ಚರ್ಚ್‌ನವರು ಹಬ್ಬಕ್ಕೆ ಅಂತ 64 ಪೇಜಿನ ಪ್ರಾರ್ಥನೆ ಪುಸ್ತಕ ಹೊಡೆಸಬೇಕು ಅಂತ ಬಂದಿದ್ರು, ಇಂಟರ್ನೆಟ್‌ನಾಗೆ ಸಿಗೋ ಅದೇ ಹೂವಿನ ಬಾರ್ಡರ್ ಬೇಡಪ್ಪಾ, ಹಳೇ ಕಾಲದ ತರ ಏನಾದ್ರೂ ಮಾಡು ಅಂದ್ರು. ಹುಡುಕ್ತಾ ಹುಡುಕ್ತಾ ಇದು ಸಿಕ್ತು. ಇಂಗ್ಲೆಂಡಿನ ಜನ 500 ವರ್ಷದ ಹಿಂದೆ ಮನೆಯಾಗೆ, ಚರ್ಚ್‌ನಾಗೆ ಕೈಯಾಗೆ ಹಿಡ್ಕೊಂಡು ಓದ್ತಿದ್ದ ಪ್ರಾರ್ಥನೆ ಪುಸ್ತಕ, 1520ರ ದಶಕದಾಗೆ ಪ್ಯಾರಿಸ್‌ನಾಗೆ ಪ್ರಿಂಟ್ ಆದದ್ದು, ಅದರ ಫೋಟೋ ತೆಗೆದು ಮಾಡಿದ ರೀಪ್ರಿಂಟು. ಬೆಲೆ 1,850, ಡೆಲಿವರಿ ಫ್ರೀ. ಮಾರಿದವರ ಹೆಸರು ಹಾಕಲ್ಲ, ಯಾಕಂತ ಮುಂದೆ ಓದಿದ್ರೆ ಗೊತ್ತಾಗ್ತೈತೆ.

ಮೊದಲು ನಮ್ಮ ಧಂದೆ ಕಣ್ಣಿಂದ ಹೇಳ್ತೀನಿ. ಬೈಂಡಿಂಗ್ ಜೀರೋ. ಗಮ್ ಬೈಂಡಿಂಗ್ ಮಾಡ್ಯಾರೆ, ಹೊಲಿಗೆ ಇಲ್ಲ. ಮೇ ತಿಂಗಳ ಬಳ್ಳಾರಿ ಬಿಸಿಲು ಗೊತ್ತಲ್ಲ, ಕೊರಿಯರ್ ಹುಡುಗನ ಗಾಡಿ ಡಬ್ಬಿಯಾಗೆ ಮಧ್ಯಾಹ್ನ ತನಕ ಸುತ್ತಾಡಿ ಬಂದು ಕೈಗೆ ಸಿಗೋ ಹೊತ್ತಿಗೆ ಬೆನ್ನಿನ ಗಮ್ ಮೆತ್ತಗಾಗಿತ್ತು, ಬಿಚ್ಚಿದ ಕೂಡ್ಲೇ ಮೊದಲಿನ ಎಂಟು ಪೇಜು ಕೈಗೇ ಬಂತು. ಪೇಪರ್ ಪರವಾಗಿಲ್ಲ, 100 ಜಿಎಸ್‌ಎಂ ಇರಬೋದು, ಕೆನೆ ಬಣ್ಣದ್ದು, ಹಿಂದಿನ ಪೇಜಿನ ಅಕ್ಷರ ಕಾಣಲ್ಲ. ಆದ್ರೆ ಒಳಗಿನ ಮಾರ್ಜಿನ್ ಬಿಟ್ಟೇ ಇಲ್ಲ, ಸಾಲಿನ ಕೊನೇ ಅಕ್ಷರ ಎಲ್ಲಾ ಬೆನ್ನಿನ ಒಳಗೆ ನುಂಗಿ ಹೋಗ್ಯಾವೆ. ಇನ್ನು ಕೆಂಪು. ಮೂಲ ಪುಸ್ತಕ ಎರಡು ಬಣ್ಣದ್ದು, ಕಪ್ಪು ಮತ್ತು ಕೆಂಪು. ನಮ್ಮಪ್ಪ ಟ್ರೆಡಲ್ ಮಷೀನ್‌ನಾಗೆ ಮದುವೆ ಕಾರ್ಡು ಹೊಡೀತಿದ್ದಾಗ ಮೇಲಿನ ದೇವರ ಹೆಸರು ಕೆಂಪು, ಉಳಿದದ್ದು ನೀಲಿ, ಅದಕ್ಕೆ ಪ್ರತಿ ಹಾಳೆ ಎರಡು ಸಲ ಮಷೀನಿಗೆ ಕೊಡಬೇಕಿತ್ತು, ಎರಡನೇ ಸಲ ಕೂದಲೆಳೆ ಜರುಗಿದ್ರೂ ಅಪ್ಪನ ಬಾಯಿಂದ ಮಂತ್ರ ಬರ್ತಿತ್ತು (ಪ್ರಾರ್ಥನೆ ಮಂತ್ರ ಅಲ್ಲ). ಪ್ಯಾರಿಸ್‌ನವರೂ ಹಂಗೇ ಮಾಡ್ಯಾರೆ, ಚರ್ಮದ ಹಾಳೆಯಾಗೆ ಬೇಕಾದಲ್ಲಿ ಮಾತ್ರ ಕಿಟಕಿ ಕೊಯ್ದು, ಕೆಂಪು ಬೀಳಬೇಕಾದ ಜಾಗಕ್ಕೆ ಮಾತ್ರ ಕೆಂಪು ಬೀಳಂಗೆ. ಒಂದೊಂದು ಪೇಜಿನಾಗೆ ಕೆಂಪು ಅಕ್ಷರ ಅರ್ಧ ನೂಲು ಮೇಲೆ ಕುಂತೈತೆ, ಅದು ನೋಡಿ ಖುಷಿ ಆಯ್ತು, 500 ವರ್ಷದ ಹಿಂದಿನ ಮ್ಯಾಚಿಂಗ್ ತಪ್ಪು. ರೀಪ್ರಿಂಟ್‌ನವರು ಮಾತ್ರ ನಾಲ್ಕು ಕಲರ್‌ನಾಗೆ ಹೊಡೆದು ಕೆಂಪನ್ನ ಚುಕ್ಕಿ ಚುಕ್ಕಿ ಮಾಡಿಟ್ಟಾರೆ, ಲೂಪ್ (ಪ್ರೆಸ್ಸಿನವ್ರ ಭೂತಗನ್ನಡಿ) ಇಟ್ಟು ನೋಡಿದ್ರೆ ಸಿಡುಬು ಬಂದಂಗೆ ಕಾಣ್ತೈತೆ.

ಕ್ಯಾಲೆಂಡರ್ ಪೇಜು ಭಾಳ ಚೆಂದ ಅದಾವೆ. ಪುಸ್ತಕದ ಮೊದಲಿಗೇ 12 ತಿಂಗಳ ಕ್ಯಾಲೆಂಡರು, ಯಾವ ದಿನ ಯಾವ ಸಂತರ ಹಬ್ಬ ಅಂತ, ದೊಡ್ಡ ಹಬ್ಬ ಕೆಂಪಿನಾಗೆ, ಸಣ್ಣದು ಕಪ್ಪಿನಾಗೆ. ನಮ್ಮ ಗೋಡೆ ಕ್ಯಾಲೆಂಡರ್‌ನಾಗೆ ಯುಗಾದಿ ದೀಪಾವಳಿ ಕೆಂಪಗಿರ್ತಾವಲ್ಲ, ಹಂಗೇ.

ತಕರಾರು ಶುರುವಾಗಿದ್ದು ಡಿಸೆಂಬರ್ ಪೇಜಿನಾಗೆ. 29ನೇ ತಾರೀಕಿನ ಕೆಂಪು ಸಾಲಿನ ಮೇಲೆ ಅಡ್ಡಡ್ಡ ಗೀಚಿದಂಗೆ ಒಂದು ಗೆರೆ. ಸ್ಕ್ಯಾನರ್ ಗ್ಲಾಸಿನ ಮೇಲೆ ಕೂದಲು ಬಿದ್ದಿರಬೇಕು ಅಂದ್ಕೊಂಡೆ. ಅದರ ಕೆಳಗೆ 31ರಾಗೆ ನೋಡಿದ್ರೆ ಸಾಲಿನ ಮೊದಲ ಪದ ಹಂಗೇ ಐತೆ, ಎರಡನೇ ಪದ ಮಾತ್ರ ಉಜ್ಜಿ ತೆಗೆದಂಗೆ ಮಸುಕು. ತಿರುವಿ ನೋಡ್ತೀನಿ, ಮಾರ್ಚ್‌ನಾಗೂ ಹಂಗೇ ಒಂದು ಪದ ಮಾಯ. ಜುಲೈ 7ಕ್ಕೆ ಮತ್ತೆ ಗೆರೆ. ಒಳಗೆ ಹೋದ್ರೆ ಒಂದು ಕಡೆ ಐದಾರು ಸಾಲು ಪೂರ್ತಿ ಎಕ್ಸ್ ಹಾಕಿದಂಗೆ. 1,850 ಕೊಟ್ಟು ಯಾರೋ ಹುಡುಗ ಗೀಚಿದ್ದ ಪುಸ್ತಕದ ಫೋಟೋ ತಗೋಬೇಕಾ ಅಂತ ತಲೆ ಕೆಡ್ತು. ಫೋಟೋ ತೆಗೆದು ಕಸ್ಟಮರ್ ಕೇರ್‌ಗೆ ಕಳಿಸಿದೆ, ಡ್ಯಾಮೇಜ್ ಪ್ರಾಡಕ್ಟ್ ಅಂತ ರಿಟರ್ನ್ ರಿಕ್ವೆಸ್ಟ್ ಹಾಕಿದೆ, ಸಿಟ್ಟಿನಾಗೆ ಒಂದು ಸ್ಟಾರ್ ಕೊಟ್ಟು ರಿವ್ಯೂನೂ ಹಾಕಿದ್ದೆ (ಈಗ ತೆಗೆದೀನಿ, ಅದಕ್ಕೇ ಇದು ಎರಡನೇ ಸಲ ಬರೀತಿರೋದು).

ಮರುದಿನ ಚರ್ಚ್ ಪುಸ್ತಕದ ಪ್ರೂಫ್ ನೋಡೋಕೆ ಟೀಚರ್ ಬಂದ್ರು. ರಿಟೈರ್ಡ್ ಟೀಚರ್, 75 ದಾಟೈತೆ, ಊರು ಮುದ್ಗಲ್. ನಮ್ಮ ಕಡೆ ಮುದ್ಗಲ್ ಅಂದ್ರೆ ಎಲ್ರಿಗೂ ಕೋಟೆ, ಮೊಹರಂ ನೆನಪಾಗ್ತೈತೆ, ಆದ್ರೆ ಅಲ್ಲಿ ಕ್ಯಾಥೋಲಿಕ್ ಚರ್ಚು ಆದಿಲ್‌ಶಾಹಿ ಕಾಲದಿಂದ ಐತೆ, 1557ರ ಲೆಕ್ಕ ಹೇಳ್ತಾರೆ. ಒಗ್ಗಾಣಿ ಮಿರ್ಚಿ ತರಿಸಿ ಕೊಟ್ಟು, ಈ ಪುಸ್ತಕನೂ ತೋರಿಸಿ, ನೋಡ್ರಿ ಟೀಚರ್ ಹೆಂಗೆ ಮೋಸ ಮಾಡ್ಯಾರೆ ಅಂತ ಅಂದೆ. ಅವ್ರು ಕೈ ಒರೆಸ್ಕೊಂಡು ನನ್ನ ಲೂಪ್ ಈಸ್ಕೊಂಡು ಡಿಸೆಂಬರ್ ಪೇಜಿನ ಮೇಲೆ ಬಗ್ಗಿದ್ರು. ಭಾಳ ಹೊತ್ತು ಮಾತಾಡಲಿಲ್ಲ.

"ತಮ್ಮಾ, ಇದನ್ನ ವಾಪಸ್ ಕಳಿಸ್ತೀಯೇನು?"

"ಹೂಂ ಮತ್ತೆ, ಗೀಚಿದ್ದು ಇಟ್ಕೊಂಡು ಏನ್ ಮಾಡ್ಲಿ?"

"ಸಿಲ್ವೆಸ್ಟರ್ ಉಳಿದಾರೆ, ಜಗದ್ಗುರು ಹೋಗ್ಯಾರೆ ನೋಡು ಇಲ್ಲಿ."

ಇದು ಅರ್ಥ ಆಗಬೇಕಂದ್ರೆ ಒಂದು ವಿಷಯ ಗೊತ್ತಿರಬೇಕು, ಕನ್ನಡದ ಕ್ಯಾಥೋಲಿಕ್‌ರು ಪೋಪ್‌ಗೆ ಜಗದ್ಗುರು ಅಂತಾರೆ, ನಮ್ಗೆ ಜಗದ್ಗುರು ಅಂದ್ರೆ ಉಜ್ಜಿನಿ ಪೀಠ ನೆನಪಾಗ್ತೈತಲ್ಲ, ಅದೇ ಪದ. ಡಿಸೆಂಬರ್ 31 ಸಂತ ಸಿಲ್ವೆಸ್ಟರ್ ಹಬ್ಬ, ಅವ್ರು ಪೋಪ್ ಆಗಿದ್ದವ್ರು, ಲ್ಯಾಟಿನ್‌ನಾಗೆ ಹೆಸರು ಆದ ಮೇಲೆ ಪಾಪೆ ಅಂತ ಇರ್ತೈತೆ, ಅಂದ್ರೆ ಪೋಪ್‌ರ ಅಂತ. ಆ ಒಂದು ಪದ ಮಾತ್ರ ಯಾರೋ ಚಾಕು ಹಿಡಿದು ಕೆರೆದಾರೆ. ಮಾರ್ಚ್ 12ಕ್ಕೆ ಸಂತ ಗ್ರೆಗರಿ, ಅವ್ರದ್ದೂ ಹಂಗೇ, ಸಂತರು ಇದ್ದಾರೆ, ಪದವಿ ಹೋಗೈತೆ. ಮಾಡಿಸಿದ್ದು ಎಂಟನೇ ಹೆನ್ರಿ ರಾಜ. ಅವ್ನಿಗೆ ಹೆಂಡತಿ ಬಿಡೋಕೆ ಪೋಪ್ ಒಪ್ಪಲಿಲ್ಲ, ಜಗಳ ಬೆಳೆದು 1534ರಾಗೆ ಇಂಗ್ಲೆಂಡಿನ ಚರ್ಚಿಗೆ ರಾಜನೇ ತಲೆ ಅಂತ ಕಾಯಿದೆ ಆಯ್ತು, ಮರುವರ್ಷ 1535ರಾಗೆ ಆರ್ಡರ್ ಬಂತು, ಚರ್ಚಿನ ಪುಸ್ತಕದಾಗೆ ಪೋಪ್ ಹೆಸರು ಎಲ್ಲೆಲ್ಲಿ ಐತೋ ಅಲ್ಲೆಲ್ಲಾ ಅಳಿಸಿ ಹಾಕ್ರಿ ಅಂತ.

ಇನ್ನು ಡಿಸೆಂಬರ್ 29 ಸಂತ ಥಾಮಸ್ ಬೆಕೆಟ್. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್, ಆಗಿನ ರಾಜ ಎರಡನೇ ಹೆನ್ರಿಗೆ ಎದುರು ನಿಂತು 1170ರ ಅದೇ ದಿನ ತನ್ನ ಚರ್ಚಿನ ಒಳಗೇ ಕೊಲೆ ಆದವ್ರು. ಜುಲೈ 7 ಅವ್ರ ಅಸ್ಥಿ ದೊಡ್ಡ ಗದ್ದುಗೆಗೆ ಸಾಗಿಸಿದ ದಿನ. ಮುನ್ನೂರೈವತ್ತು ವರ್ಷ ಜನ ನಡ್ಕೊಂಡು ಹೋಗಿ ಹರಕೆ ತೀರಿಸಿದ ಜಾಗ ಅದು. ರಾಜನಿಗೆ ಎದುರು ನಿಂತವ್ನು ಸಂತ ಅಂದ್ರೆ ಇನ್ನೊಬ್ಬ ರಾಜನಿಗೆ ಹೆಂಗೆ ಸಹಿಸ್ತೈತೆ ಹೇಳ್ರಿ. 1538ರ ಸೆಪ್ಟೆಂಬರ್‌ನಾಗೆ ಗದ್ದುಗೆ ಒಡೆಸಿದ, ನವೆಂಬರ್ 16ಕ್ಕೆ ಡಂಗುರ ಹೊಡೆಸಿದ, ಬೆಕೆಟ್ ಇನ್ಮುಂದೆ ಸಂತ ಅಲ್ಲ, ಮೂರ್ತಿ ತೆಗೀರಿ, ಹಬ್ಬ ನಿಲ್ಲಿಸ್ರಿ, ಪುಸ್ತಕದಾಗಿನ ಹೆಸರು ಅಳಿಸ್ರಿ ಅಂತ.

ನಾನು ಕೇಳಿದೆ, ಅಳಿಸ್ರಿ ಅಂದ್ರೆ ಇದೇನ್ರೀ ಟೀಚರ್, ಗೆರೆ ಕೆಳಗೆ ಅಕ್ಷರ ಚೆನ್ನಾಗೇ ಕಾಣ್ತೈತಲ್ಲ. ಅದೇ ನೋಡು ಅಂದ್ರು. ಪೋಪ್ ಪದ ಚಾಕುವಿಂದ ಕೆರೆದವ್ನೇ ಬೆಕೆಟ್‌ಗೆ ಮಾತ್ರ ಒಂದು ತೆಳ್ಳನೆ ಗೆರೆ ಎಳೆದು ಬಿಟ್ಟಾನೆ, ಯಾರಾದ್ರೂ ಬಂದು ಕೇಳಿದ್ರೆ ಅಳಿಸೀನಿ ಸ್ವಾಮಿ ಅನ್ನೋಕೆ, ತಾನು ಓದ್ಕೊಳ್ಳೋಕೆ ಬೇಕಾದ್ರೆ ಓದ್ಕೊಳ್ಳೋಕೆ. ನಂಗೆ ತಟ್ಟಂತ ಹೊಳೀತು. ಎಲೆಕ್ಷನ್ ಡಿಕ್ಲೇರ್ ಆದ ಕೂಡ್ಲೇ ಬಸ್ ಸ್ಟಾಪು, ಶಂಕುಸ್ಥಾಪನೆ ಕಲ್ಲು ಎಲ್ಲದರ ಮೇಲಿನ ರಾಜಕಾರಣಿ ಹೆಸರಿಗೆ ಪೇಪರ್ ಅಂಟಿಸ್ತಾರಲ್ಲ, ಆ ಪೇಪರ್ ಕೆಲಸ ನಾವೂ ಮಾಡೀವಿ. ವಿರೋಧಿ ಹೆಸರಿದ್ರೆ ಫೆವಿಕಾಲ್ ಹಚ್ಚಿ ಬಡೀತಾರೆ, ತಮ್ಮವ್ರ ಹೆಸರಿದ್ರೆ ನಾಲ್ಕು ಮೂಲೆಗೆ ಮೈದಾ ಅಂಟು, ಅದೂ ಗಾಳಿಗೆ ಹಾರಿ ಹೋಗಂಗೆ. ಅದೇ ಕೈ ಇದು! ಮುಂದೆ 1553ರಾಗೆ ಹೆನ್ರಿಯ ಮಗಳು ಮೇರಿ ರಾಣಿ ಆಗಿ ಹಳೇ ಪೂಜೆ ಮತ್ತೆ ಶುರು ಮಾಡಿದಾಗ ಎಷ್ಟೋ ಪುಸ್ತಕದಾಗೆ ಕೆರೆದ ಜಾಗದ ಮೇಲೆ ಹೆಸರು ವಾಪಸ್ ಬರೆದಾರಂತೆ. ಈ ಪುಸ್ತಕದವ್ನು ಅಷ್ಟು ತೊಂದ್ರೆ ತಗೊಂಡಿಲ್ಲ, ಗೆರೆ ಎಳೆದದ್ದಕ್ಕೆ ಅವ್ನಿಗೆ ಅದರ ಅವಶ್ಯಕತೆನೂ ಬಂದಿಲ್ಲ.

ಆಮೇಲೆ ಆ ಎಕ್ಸ್ ಹಾಕಿದ ಐದಾರು ಸಾಲು. ಅದು ಪ್ರಾರ್ಥನೆ ಅಲ್ಲ, ಪ್ರಾರ್ಥನೆ ಮೇಲಿನ ಸೂಚನೆ, ಕೆಂಪಿನಾಗೆ ಇಂಗ್ಲಿಷ್‌ನಾಗೆ ಐತೆ. ಈ ಜಪ ಮಾಡಿದವ್ರಿಗೆ ಇಂಥಾ ಪೋಪ್ ಸಾವಿರಗಟ್ಟಲೆ ವರ್ಷದ ಕ್ಷಮೆ ಕೊಟ್ಟಾರೆ ಅಂತ. ಸತ್ತ ಮೇಲೆ ಆತ್ಮ ಶುದ್ಧೀಕರಣ ಸ್ಥಳದಾಗೆ ಕಳೀಬೇಕಾದ ಶಿಕ್ಷೆ ಕಮ್ಮಿ ಆಗ್ಲಿ ಅನ್ನೋ ಲೆಕ್ಕ. ಆ ಸಾಲು ಹೊಡೆದು ಹಾಕ್ಯಾರೆ, ಕೆಳಗಿನ ಪ್ರಾರ್ಥನೆ ಮುಟ್ಟಿಲ್ಲ. ಆ ಪೇಜಿನ ಮೂಲೆ ಮಾತ್ರ ಬೇರೆ ಎಲ್ಲಾ ಪೇಜಿಗಿಂತ ಕಪ್ಪಗೈತೆ, ಹೆಬ್ಬೆರಳಿಂದ ತಿರುವಿ ತಿರುವಿ. ಲಾಭದ ಲೆಕ್ಕ ಹೋದ್ರೂ ಅಲ್ಲೇ ತೆಗೆದು ಓದ್ಯಾರೆ ಅಂತಾಯ್ತಲ್ಲ.

ಟೀಚರ್ ಇನ್ನೊಂದು ಡಿಫೆಕ್ಟ್ ಹಿಡಿದ್ರು, ಇದು ನಂಗೆ ಯಾವ ಜನ್ಮಕ್ಕೂ ಗೊತ್ತಾಗ್ತಿರಲಿಲ್ಲ. ಅವ್ರು ಚಿಕ್ಕವರಿದ್ದಾಗ ಬಲಿಪೂಜೆ (ಚರ್ಚಿನ ಮುಖ್ಯ ಪೂಜೆ) ಇನ್ನೂ ಲ್ಯಾಟಿನ್‌ನಾಗೇ ಇತ್ತು, ಕನ್ನಡ ಬಂದಿದ್ದು 1960ರ ದಶಕದಾಗೆ, ಹಂಗಾಗಿ ಕೆಲವೊಂದು ಇನ್ನೂ ಬಾಯಿಗೆ ಬರ್ತಾವೆ. ಬ್ಯಾಗಿನಾಗಿಂದ ಜಪಸರ ಕೈಗೆ ತಗೊಂಡು ಆವೇ ಮರೀಯಾ (ದೇವಮಾತೆ ಮರಿಯಮ್ಮನ ಜಪ) ಅಂತ ಶುರು ಮಾಡಿ ಪುಸ್ತಕದಾಗೆ ಬೆರಳಿಟ್ಕೊಂಡು ಹೋದ್ರು, ಅರ್ಧಕ್ಕೆ ಬೆರಳು ನಿಂತೋಯ್ತು, ಬಾಯಿ ಮುಂದೆ ಹೋಯ್ತು. ಪುಸ್ತಕದಾಗೆ ಯೇಸು, ಆಮೆನ್, ಅಷ್ಟಕ್ಕೇ ಮುಗಿದೈತೆ. ಟೀಚರ್ ಕಡೆಯವ್ರು ಈಗ ಹೇಳೋ "ಸಂತ ಮರಿಯ ದೇವಮಾತೆ" ಅಂತ ಬರೋ ಎರಡನೇ ಭಾಗ ಇಲ್ವೇ ಇಲ್ಲ. ಪೇಜ್ ಮಿಸ್ ಆಗೈತೆ ಅಂತ ನಾನು ಎಣಿಸಿದೆ, ಮಿಸ್ ಆಗಿಲ್ಲ. ರಾತ್ರಿ ಮನೆಗೆ ಹೋಗಿ ಟೀಚರೇ ಯಾವುದೋ ಹಳೇ ನೋಟ್ಸ್ ನೋಡಿ ಫೋನ್ ಮಾಡಿದ್ರು, ಆ ಎರಡನೇ ಭಾಗ ಅಲ್ಲಲ್ಲಿ ಜನ ಹೇಳ್ತಿದ್ರಂತೆ ಆದ್ರೆ ರೋಮಿನ ಅಧಿಕೃತ ಪ್ರಾರ್ಥನೆ ಪುಸ್ತಕಕ್ಕೆ ಸೇರಿದ್ದು 1568ರಾಗೆ ಅಂತ. ಅಷ್ಟೊತ್ತಿಗೆ ಇಂಗ್ಲೆಂಡಿನಾಗೆ ಮೇರಿ ಕಾಲ ಮುಗಿದು ಮತ್ತೆ ಹೊಸ ಪದ್ಧತಿ ಬಂದು ಈ ಜಪನೇ ನಿಂತೋಗಿತ್ತು, 1571ರಿಂದ ರೋಮಿನಲ್ಲಿ ಮಂತ್ರಿಸಿದ ಜಪಸರ, ಶಿಲುಬೆ ತರೋದು ಹಂಚೋದೇ ಅಪರಾಧ ಅಂತ ಕಾಯಿದೆ. "ಐವತ್ತು ಮಣಿ ಎಣಿಸೋದ್ರಾಗೆ ಅವ್ರಿಗೆ ನಮ್ಮ ಅರ್ಧ ಟೈಮ್ ಸಾಕು ಬಿಡು" ಅಂತ ಟೀಚರ್ ನಕ್ಕರು. ಮಣಿಗೆ ಇಂಗ್ಲಿಷ್‌ನಾಗೆ ಬೀಡ್ ಅಂತೀವಲ್ಲ, ಆ ಪದಕ್ಕೆ ಮೊದಲಿದ್ದ ಅರ್ಥ ಪ್ರಾರ್ಥನೆ ಅಂತೆ, ಎಣಿಸಿ ಎಣಿಸಿ ಮಣಿಗೇ ಆ ಹೆಸರು ಬಂತು.

ಪುಸ್ತಕದಾಗೆ ಏನೇನೈತೆ ಅಂತ ಕೇಳೋರಿಗೆ: ದೇವಮಾತೆಯ ಪ್ರಾರ್ಥನೆ ದಿನದ ಹೊತ್ತು ಹೊತ್ತಿಗೆ ಹೇಳೋದು, ಪಶ್ಚಾತ್ತಾಪದ ಏಳು ಕೀರ್ತನೆ, ಸಂತರ ಹೆಸರಿನ ದೊಡ್ಡ ಪಟ್ಟಿ, ಸತ್ತವ್ರಿಗೋಸ್ಕರ ಪ್ರಾರ್ಥನೆ. ಸತ್ತವ್ರದ್ದು ಭಾಳ ದೊಡ್ಡ ಭಾಗ. ಸಂಜೆದು ಪ್ಲಾಸೆಬೋ ಅನ್ನೋ ಪದದಿಂದ ಶುರು, ಬೆಳಗಿನದು ದಿರಿಗೆ ಅನ್ನೋದ್ರಿಂದ. ಡಾಕ್ಟರ್‌ಗಳು ಸುಳ್ಳು ಮಾತ್ರೆಗೆ ಪ್ಲಸೀಬೋ ಅಂತಾರಲ್ಲ, ಆ ಪದದ ಮೂಲ ಇದೇ ಹಾಡು ಅಂದ್ರೆ ನಂಬ್ತೀರಾ, ಸಂಬಂಧ ಇಲ್ದವ್ರ ಮನೆ ಸಾವಿಗೂ ಹೋಗಿ ಊಟಕ್ಕೋಸ್ಕರ ಪ್ಲಾಸೆಬೋ ಹಾಡೋ ಮಂದಿ ಇದ್ರಂತೆ, ಅಲ್ಲಿಂದ ಮುಖಸ್ತುತಿಗೆ, ಅಲ್ಲಿಂದ ಮಾತ್ರೆಗೆ. ಒಂದೊಂದು ಊರಿನ ಚರ್ಚಿನಾಗೂ ಸತ್ತವ್ರ ಹೆಸರಿನ ಪಟ್ಟಿ ಇರ್ತಿತ್ತು, ದುಡ್ಡು ಕೊಟ್ಟು ಹೆಸರು ಸೇರಿಸಿದ್ರೆ ವರ್ಷಕ್ಕೊಮ್ಮೆ ಎಲ್ರ ಮುಂದೆ ಓದಿ ಅವ್ರಿಗೋಸ್ಕರ ಪ್ರಾರ್ಥನೆ ಮಾಡಿಸ್ತಿದ್ರು. ನಮ್ಮ ಗುಡಿ ಫ್ಯಾನಿನ ರೆಕ್ಕೆ ಮೇಲೆ ದಾನಿ ಹೆಸರು ಬರೆಸ್ತೀವಲ್ಲ, ಫ್ಯಾನ್ ತಿರುಗಿದ್ರೆ ಅದೂ ಕಾಣಲ್ಲ.

ರಾತ್ರಿ ಫೋನಿನಾಗೆ ಹುಡುಕ್ತಾ ಕುಂತೆ, ನಿದ್ದೆ ಕೆಟ್ಟಿದ್ದು ಒಂದು ಊರಿನ ಕತೆಗೆ. ಡೆವನ್ ಅನ್ನೋ ಸೀಮೆಯಾಗೆ ಮೋರ್‌ಬಾತ್ ಅಂತ ಸಣ್ಣ ಹಳ್ಳಿ, ಮೂವತ್ತು ಚಿಲ್ಲರೆ ಮನೆ. ಅಲ್ಲಿನ ಪಾದ್ರಿ ಕ್ರಿಸ್ಟಫರ್ ಟ್ರಿಕಿ 1520ರಿಂದ 1574ರ ತನಕ ಒಂದೇ ಊರಾಗಿದ್ದ, ಅಂದ್ರೆ ಹಳೇದು, ಹೊಸದು, ಮತ್ತೆ ಹಳೇದು, ಮತ್ತೆ ಹೊಸದು, ಎಲ್ಲಾ ಒಬ್ನೇ ನೋಡ್ಯಾನೆ. ಪುಣ್ಯಾತ್ಮ ಚರ್ಚಿನ ಜಮಾ ಖರ್ಚು ತಾನೇ ಬರೆದಿಟ್ಟಾನೆ. ಅಲ್ಲಿ ಒಬ್ಬೊಬ್ಬ ಸಂತರ ಮುಂದಿನ ದೀಪಕ್ಕೂ ಕುರಿ ಇದ್ವು. ಕುರಿ ಸಂತರ ಹೆಸರಲ್ಲಿ, ಮೇಯಿಸೋದು ಊರಿನ ಮನೆ ಮನೆಯವ್ರು ಪಾಳಿ ಮೇಲೆ, ಉಣ್ಣೆ ಮಾರಿದ ದುಡ್ಡು ಮೇಣಕ್ಕೆ. ಕೊಪ್ಪಳ ಕಡೆ ದೇವರ ಹೆಸರಲ್ಲಿ ಬಿಟ್ಟ ಕುರಿ ನೋಡಿದವ್ರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. 1538ರಾಗೆ ಮೂರ್ತಿ ಮುಂದೆ ದೀಪ ಹಚ್ಚಬಾರ್ದು ಅಂತ ಆರ್ಡರ್ ಆಯ್ತು. ದೀಪ ಇಲ್ಲ ಅಂದ್ಮೇಲೆ ಕುರಿ ಯಾಕೆ, ಕುರಿ ಇಲ್ಲ ಅಂದ್ಮೇಲೆ ಲೆಕ್ಕ ಒಪ್ಪಿಸೋ ಹಬ್ಬ ಯಾಕೆ, ಒಂದೊಂದೇ ನಿಂತೋದ್ವು. ಇನ್ನೊಂದು ಕೇಳ್ರಿ, ಈ ಪಾದ್ರಿಗೆ ಸತ್ತವ್ರ ಪೂಜೆಗೆ ಹಾಕ್ಕೊಳ್ಳೋ ಕಪ್ಪು ಉಡುಪು ಬೇಕು ಅಂತ ಆಸೆ. ಅಷ್ಟಿಷ್ಟು ಕೂಡಿಸ್ತಾ 20 ವರ್ಷ ಕಾದು 1547ರಾಗೆ ಕೊನೆಗೂ ತರಿಸಿದ. ಅದೇ ವರ್ಷ ಹೆನ್ರಿ ಸತ್ತ, ಚಿಕ್ಕ ಹುಡುಗ ಆರನೇ ಎಡ್ವರ್ಡ್ ಪಟ್ಟಕ್ಕೆ ಬಂದ, ಅವ್ನ ಕಡೆಯವ್ರು ಸತ್ತವ್ರಿಗೋಸ್ಕರ ಪೂಜೆ ಮಾಡ್ಸೋ ಫಂಡುಗಳನ್ನೆಲ್ಲಾ ಮುಚ್ಚಿಸಿ ಆಸ್ತಿ ಎಳ್ಕೊಂಡ್ರು. ನಾವು ಹೊಸ ಮಷೀನ್ ತಗೊಂಡ ವರ್ಷನೇ ಲಾಕ್‌ಡೌನ್ ಬಂತು, ಹಂಗಾಗಿ ಆ ಪಾದ್ರಿ ಹೊಟ್ಟೆ ಉರಿ ನಂಗೆ ಗೊತ್ತು.

1549ರಾಗೆ ಲ್ಯಾಟಿನ್ ತೆಗೆದು ಇಂಗ್ಲಿಷ್ ಪ್ರಾರ್ಥನೆ ಪುಸ್ತಕ ಕಡ್ಡಾಯ ಆಯ್ತು, ಜೂನ್ 9ಕ್ಕೆ ಎಲ್ಲಾ ಕಡೆ ಒಂದೇ ದಿನ ಶುರು. ಮರುದಿನವೇ ಅದೇ ಡೆವನ್‌ನ ಸ್ಯಾಂಪ್‌ಫರ್ಡ್ ಕೋರ್ಟ್‌ನೆ ಅನ್ನೋ ಹಳ್ಳಿ ಜನ ಪಾದ್ರಿಗೆ ಹಳೇ ಉಡುಪು ಹಾಕಿಸಿ ಹಳೇ ಪೂಜೆನೇ ಮಾಡಿಸಿದ್ರು, ದಂಗೆ ಎದ್ರು, ಸಾವಿರಾರು ಜನ ಸತ್ರು. ಅವ್ರ ಬೇಡಿಕೆ ಪತ್ರದಾಗೆ ಕಾರ್ನ್‌ವಾಲ್ ಕಡೆಯವ್ರು ಬರೆಸ್ಯಾರೆ, ಈ ಹೊಸ ಪೂಜೆ ಕ್ರಿಸ್‌ಮಸ್ ಆಟ ಇದ್ದಂಗೈತೆ, ಅಲ್ದೆ ನಮ್ಮಾಗೆ ಕೆಲವ್ರಿಗೆ ಇಂಗ್ಲಿಷೇ ಬರಲ್ಲ ಅಂತ. ಜನರ ಭಾಷೆಗೆ ತಂದ್ವಿ ಅಂತ ಲಂಡನ್‌ನವ್ರು, ಯಾವ ಜನರ ಭಾಷೆ ಅಂತ ಇವ್ರು. ಒಂದೇ ರೋಡಿನಾಗೆ ಕನ್ನಡ ತೆಲುಗು ಉರ್ದು ಮೂರೂ ಬೋರ್ಡ್ ಹೊಡೆಯೋ ಬಳ್ಳಾರಿಯವ್ನಿಗೆ ಎರಡೂ ಕಡೆ ಮಾತು ಅರ್ಥ ಆಗ್ತೈತೆ. ಮುಂದಿನ ವರ್ಷವೇ ಹಳೇ ಪೂಜೆ ಪುಸ್ತಕ ಎಲ್ಲಾ ಒಪ್ಪಿಸ್ರಿ, ನಾಶ ಮಾಡ್ರಿ ಅಂತ ಬಂತು. ಅಂಥಾದ್ರಾಗೆ ಈ ಒಂದು ಪ್ರತಿ ಯಾವ ಪೆಟ್ಟಿಗೆಯಾಗೋ, ಯಾವ ಗೋಡೆ ಸಂದಿನಾಗೋ ಕುಂತು ಉಳಿದೈತೆ.

ನಮ್ಮ ಕಸುಬಿನವ್ರ ಕತೆನೂ ಇದರಾಗೆ ಐತೆ, ಸ್ವಲ್ಪ ಹೊತ್ತು ಕುಂದ್ರಿ. ಇಂಗ್ಲೆಂಡಿಗೆ ಪ್ರೆಸ್ ತಂದವ್ನು ಕ್ಯಾಕ್ಸ್‌ಟನ್, 1476ರಾಗೆ. ಅಲ್ಲಿ ಅಚ್ಚಾಗಿ ತಾರೀಕು ಗೊತ್ತಿರೋ ಮೊದಲ ಕೆಲಸ ಯಾವ್ದು ಗೊತ್ತಾ, ಪಾಪಕ್ಷಮೆ ಪತ್ರ, ಹೆಸರು ತುಂಬೋಕೆ ಜಾಗ ಖಾಲಿ ಬಿಟ್ಟದ್ದು, 1476ರ ಡಿಸೆಂಬರ್ 13ಕ್ಕೆ ಗಂಡ ಹೆಂಡತಿ ಒಬ್ರ ಹೆಸರು ಕೈಯಿಂದ ತುಂಬ್ಯಾರೆ. ಅಂದ್ರೆ ರಸೀದಿ ಬುಕ್ಕು! ಎಲ್ಲಾ ಪ್ರೆಸ್ಸಿನ ಹಣೆಬರಹ ಅಲ್ಲಿಂದ ಒಂದೇ. ಅವ್ನೇ ಮುಂದೆ ಒಂದು ಜಾಹೀರಾತು ಹೊಡೆದ, ಅಂಗೈ ಅಗಲದ ಚೀಟಿ, ಯಾವ ದಿನ ಯಾವ ಪೂಜೆ ಅಂತ ಪಾದ್ರಿಗಳಿಗೆ ಹೇಳೋ ಪಂಚಾಂಗದಂಥ ಪುಸ್ತಕ ನಮ್ಮಲ್ಲಿ ಅಗ್ಗಕ್ಕೆ ಸಿಗ್ತೈತೆ ಬರ್ರಿ ಅಂತ, ಕೆಳಗೆ ಲ್ಯಾಟಿನ್‌ನಾಗೆ ಒಂದು ಸಾಲು, ದಯವಿಟ್ಟು ಚೀಟಿ ಕೀಳಬೇಡ್ರಿ ಅಂತ. ನಮ್ಮ ಪೋಸ್ಟರ್ ಕಿತ್ತ ಊರವ್ರಿಗೆಲ್ಲಾ ಇದನ್ನ ಫ್ರೇಮ್ ಹಾಕಿಸಿ ತೋರಿಸಬೇಕು. ಅಲ್ಲಿಂದ ನೂರು ವರ್ಷಕ್ಕೆ ಅದೇ ಪ್ರಾರ್ಥನೆ ಹೊಡೆಯೋದು ತಲೆ ಹೋಗೋ ಕೆಲಸ ಆಯ್ತು. 1581ರಾಗೆ ಎಡ್ಮಂಡ್ ಕ್ಯಾಂಪಿಯನ್ ಅನ್ನೋ ಜೆಸ್ವಿಟ್ (ಕ್ಯಾಥೋಲಿಕ್‌ರ ಒಂದು ಸಂಘ) ಪಾದ್ರಿಗೋಸ್ಕರ ಸ್ಟೋನರ್ ಅನ್ನೋ ಮನೆಯಾಗೆ ಕದ್ದು ಪ್ರೆಸ್ ಹಾಕಿ ಸಣ್ಣ ಪುಸ್ತಕ ಹೊಡೆದು ಆಕ್ಸ್‌ಫರ್ಡ್ ಚರ್ಚಿನ ಬೆಂಚಿನ ಮೇಲೆ ನೂರಾರು ಪ್ರತಿ ಇಟ್ಟು ಬಂದ್ರು, ಡಿಸೆಂಬರ್‌ನಾಗೆ ಅವ್ನಿಗೆ ಲಂಡನ್‌ನಾಗೆ ಮರಣದಂಡನೆ. ವಿಲಿಯಂ ಕಾರ್ಟರ್ ಅಂತ ಪ್ರಿಂಟರ್, ನಮ್ಮಂಥವ್ನೇ, ಕ್ಯಾಥೋಲಿಕ್ ಪುಸ್ತಕ ಹೊಡೆದದ್ದಕ್ಕೆ 1584ರ ಜನವರಿಯಾಗೆ ನೇಣಿಗೆ ಹಾಕಿ ಕೊಯ್ದು ಹಾಕಿದ್ರು. 1586ರಾಗೆ ಲಂಡನ್ ಬಿಟ್ರೆ ಆಕ್ಸ್‌ಫರ್ಡ್‌ಗೊಂದು ಕೇಂಬ್ರಿಜ್‌ಗೊಂದು, ಅಷ್ಟೇ ಪ್ರೆಸ್ ಇರಬೇಕು ಅಂತ ರೂಲ್ಸು. ಎಲೆಕ್ಷನ್ ಪಾಂಪ್ಲೆಟ್ಟಿಗೆ ಪ್ರೆಸ್ ಹೆಸರು, ಪ್ರತಿ ಎಷ್ಟು ಅಂತ ಹಾಕದೇ ಇದ್ರೆ ನಮ್ಗೆ ನೋಟಿಸ್ ಬರ್ತೈತೆ, ಅದಕ್ಕೇ ಕೈಕಾಲು ನಡುಗ್ತಾವೆ.

ಈಗ ತಮಾಷೆ ನೋಡ್ರಿ. ಇಷ್ಟೆಲ್ಲಾ ತಿಳ್ಕೊಂಡು ರಿಟರ್ನ್ ಕ್ಯಾನ್ಸಲ್ ಮಾಡೋಣ ಅನ್ನೋ ಹೊತ್ತಿಗೆ ಕಸ್ಟಮರ್ ಕೇರ್‌ನವ್ರು ರಿಪ್ಲೇಸ್‌ಮೆಂಟ್ ಕಳಿಸಿಬಿಟ್ಟಿದ್ರು, ಸಾರಿ ಸರ್, ನಿಮ್ಗೆ ರಿಸ್ಟೋರ್ಡ್ ಎಡಿಷನ್ ಬರ್ತೈತೆ ಅಂತ. ಬಂತು. ಡಿಸೆಂಬರ್ ಪೇಜ್ ತೆಗೆದೆ. ಗೆರೆ ಮಾಯ! 29ನೇ ತಾರೀಕು ಬೆಕೆಟ್ ಹೆಸರು ಹೊಳೆಯೋ ಕೆಂಪಿನಾಗೆ ನಿನ್ನೆ ಹೊಡೆದಂಗೆ ಐತೆ. 31ರಾಗೆ ಕೆರೆದಿದ್ದ ಪದದ ಜಾಗಕ್ಕೆ ಬೇರೆ ಕಡೆಯಿಂದ ಅದೇ ಪದ ಕಾಪಿ ಮಾಡಿ ಕೂಡಿಸ್ಯಾರೆ, ಲೂಪ್ ಇಟ್ರೆ ಮಾರ್ಚ್ ಗ್ರೆಗರಿ ಜಾಗಕ್ಕೂ ಅದೇ ಪದ, ಅದೇ ಅಕ್ಷರದ ಅದೇ ಮುರುಕು ಕಾಲು. ಎಕ್ಸ್ ಹಾಕಿದ್ದ ಸಾಲು ಪೂರ್ತಿ ಬ್ಲರ್ ಮಾಡಿ ಖಾಲಿ. ಹೆಬ್ಬೆರಳಿನ ಕಪ್ಪು ಕಲೆ ಎಲ್ಲಾ ತೊಳೆದು ಬೆಳ್ಳಗೆ. ನನ್ನ ಕಂಪ್ಲೇಂಟಿನ ಮೇಲೇ ಮಾಡ್ಯಾರೇನೋ ಅನ್ನೋ ಹಂಗೆ ನಂಗೇ ನಾಚಿಕೆ ಆಯ್ತು, ಆಮೇಲೆ ನೋಡಿದ್ರೆ ಮೊದಲಿಂದ ಎರಡು ಎಡಿಷನ್ ಮಾರ್ತಾರೆ, ಕವರ್ ಎರಡಕ್ಕೂ ಒಂದೇ, ರಿಸ್ಟೋರ್ಡ್‌ಗೆ 400 ಜಾಸ್ತಿ. ಹೆನ್ರಿ ಮಾಡಿದ್ದಕ್ಕಾದ್ರೂ ಗುರುತು ಉಳಿದಿತ್ತು, ಇವ್ರು ಗುರುತನ್ನೂ ಒರೆಸ್ಯಾರೆ.

ಟೀಚರ್‌ಗೆ ಎರಡೂ ಪಕ್ಕ ಪಕ್ಕ ಇಟ್ಟು ತೋರಿಸಿದೆ. ಹೊಸದನ್ನ ಮುಚ್ಚಿ ಈ ಕಡೆ ಸರಿಸಿದ್ರು, ಚೆಂದ ಐತಪ್ಪಾ, ಮದುವೆ ಕಾರ್ಡ್ ಇದ್ದಂಗೆ ಅಂದ್ರು. ನಮ್ಮ ಕಸುಬಿಗೆ ಬೈದಂಗೂ ಆಯ್ತು.

ತಗೋಬೇಕು ಅನ್ನೋರಿಗೆ: ಲಿಸ್ಟಿಂಗ್‌ನಾಗೆ ಕೆಳಗೆ ಸಣ್ಣಕ್ಷರದಾಗೆ ಅನ್‌ಟಚ್ಡ್ ಸ್ಕ್ಯಾನ್ ಅಂತ ಇರೋದು ತಗೋರಿ, ಅಗ್ಗದ್ದು. ಬೇಸಿಗೆಯಾಗೆ ಆರ್ಡರ್ ಮಾಡಬೇಡ್ರಿ, ಬೈಂಡಿಂಗ್ ಉಳಿಯಲ್ಲ. ಅಕ್ಷರ ಹಳೇ ದಪ್ಪ ಗೋಥಿಕ್, ಅರ್ಧ ಪದ ಶಾರ್ಟ್‌ಕಟ್‌ನಾಗೆ ಇರ್ತಾವೆ, ಓದೋಕೆ ಆಗ್ತೈತೆ ಅಂತ ಆಸೆ ಇಟ್ಕೋಬೇಡ್ರಿ, ಒಂದು ಪುಟದ ವಿವರಣೆನೂ ಕೊಟ್ಟಿಲ್ಲ, ಟೀಚರ್ ಇಲ್ದಿದ್ರೆ ನಂಗೆ ಇದು ಗೀಚಿದ ಪುಸ್ತಕನೇ. ಪುಸ್ತಕಕ್ಕೆ ಐದಕ್ಕೆ ನಾಲ್ಕು, ಬೈಂಡಿಂಗ್‌ಗೆ ಒಂದು, ರಿಸ್ಟೋರ್ಡ್ ಎಡಿಷನ್‌ಗೆ ಸೊನ್ನೆ. ಬೆನ್ನು ಬಿಚ್ಚಿದ್ದನ್ನ ನಾನೇ ಫಾರಂ (ಪೇಜುಗಳ ಕಟ್ಟು) ಮಾಡಿ ದಾರ ಹಾಕಿ ಹೊಲಿದೀನಿ, ಈಗ ಒಳಗಿನ ಮಾರ್ಜಿನ್ನೂ ಸ್ವಲ್ಪ ಬಿಚ್ಕೊಂಡೈತೆ.

ಬಾರ್ಡರ್ ಡಿಸೈನ್ ವಿಷಯ ಮರ್ತೇ ಹೋಗಿತ್ತು. ಜೂನ್ ತಿಂಗಳ ಪೇಜಿನ ಬಳ್ಳಿ ತಗೊಂಡು ಪ್ರೂಫ್ ತೆಗೆದು ತೋರಿಸಿದೆ, ಟೀಚರ್ ಬಳ್ಳಿ ನೋಡಲೇ ಇಲ್ಲ, ಸ್ಕೇಲ್ ಇಟ್ಟು ಮಾರ್ಜಿನ್ ಅಳೆದ್ರು. ಲಂಡನ್ ಕೋಟೆಯ ಜೈಲಿನಾಗಿದ್ದಾಗ ಎಂಟನೇ ಹೆನ್ರಿಯ ಹಳೇ ಮಂತ್ರಿ ಥಾಮಸ್ ಮೋರ್ ಇಂಥಾದ್ದೇ ಒಂದು ಪ್ಯಾರಿಸ್ ಪುಸ್ತಕದ ಮೇಲಿನ ಕೆಳಗಿನ ಮಾರ್ಜಿನ್ನಾಗೆ ತನ್ನ ಸ್ವಂತ ಪ್ರಾರ್ಥನೆ ಬರ್ಕೊಂಡಿದ್ದಾನೆ, 1535ರಾಗೆ ತಲೆ ಕಡಿಯೋಕೆ ಮುಂಚೆ, ಆ ಪುಸ್ತಕ ಈಗ ಅಮೆರಿಕದ ಯೇಲ್ ಯೂನಿವರ್ಸಿಟಿಯಾಗೆ ಐತೆ ಅಂತ ಹೇಳಿ, "ಬಳ್ಳಿ ತೆಗಿ, ಜಾಗ ಬಿಡು, ಮಂದಿ ಸತ್ತವ್ರ ಹೆಸರು ಬರ್ಕೋತಾರೆ" ಅಂದ್ರು. ಜಾಗ ಬಿಟ್ರೆ 64 ಹೋಗಿ 80 ಪೇಜ್ ಆಗ್ತೈತೆ, ಒಂದು ಫಾರಂ ಜಾಸ್ತಿ, ಪ್ಲೇಟ್ ಖರ್ಚು ಬೇರೆ. ಫಾದರ್‌ಗೆ ಹೊಸ ಕೊಟೇಷನ್ ಕಳಿಸೀನಿ, ಇನ್ನೂ ಉತ್ತರ ಬಂದಿಲ್ಲ.